ಪಿಸಿಐ: ಕೋಕ್ ಉಳಿಯುತ್ತದೆ ಸರಿ, ಕಾರ್ಬನ್ ಉಳಿಯುತ್ತದಾ?

ಪಿಸಿಐ (ಪಲ್ವರೈಸ್ಡ್ ಕೋಲ್ ಇಂಜೆಕ್ಷನ್), ಅಂದರೆ ಕಲ್ಲಿದ್ದಲನ್ನು ನುಣ್ಣಗೆ ಪುಡಿಮಾಡಿ, ಅದಿರಿನಿಂದ ಕಬ್ಬಿಣ ತೆಗೆಯುವ ಬ್ಲಾಸ್ಟ್ ಫರ್ನೇಸ್ ಎಂಬ ಕುಲುಮೆಯ ಬುಡಕ್ಕೆ ಊದುವುದು. ಇದರ ಪ್ರಯೋಜನ ಏನು ಅಂತ ಕೇಳಿದರೆ ಸುಮಾರು ಜನ ಸುಮ್ನೆ "ಕಾರ್ಬನ್ ಬಳಕೆ ಕಡಿಮೆ" ಎಂದು ಬರೆದುಬಿಡುತ್ತಾರೆ. ಖಂಡಿತವಾಗಿ ಕಡಿಮೆಯಾಗುವುದು ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿ ಮಾಡಿದ ಗಟ್ಟಿ ಇಂಧನ. ಕಾರ್ಬನ್ ಲೆಕ್ಕವೇ ಬೇರೆ. ಈ ಟಿಪ್ಪಣಿ ಆ ವ್ಯತ್ಯಾಸದ ಬಗ್ಗೆ.

ಮೊದಲು ಕೋಕ್ ಮಾಡುವ ಕೆಲಸ ನೋಡಿ. ಉರಿದು ಶಾಖ ಕೊಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಗಿ ಅದಿರಿನ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಕಬ್ಬಿಣದಲ್ಲಿ ಕರಗುತ್ತದೆ, ಹಾಟ್ ಮೆಟಲ್‌ನಲ್ಲಿ (ಫರ್ನೇಸಿನಿಂದ ಬರುವ ಕರಗಿದ ಕಬ್ಬಿಣದಲ್ಲಿ) ಶೇ. 4ರಿಂದ 4.5ರಷ್ಟು ಕಾರ್ಬನ್ ಇರುವುದು ಹೀಗೆ. ಇವೆಲ್ಲ ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವುದು ನಾಲ್ಕನೆಯದು. ಕೆಳಗೆ ಅದಿರು ಮೆತ್ತಗಾಗಿ ಕರಗುವ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುವುದು ಕೋಕ್ ಒಂದೇ. ಅದರ ಸಂದಿಯಲ್ಲೇ ಅನಿಲ ಮೇಲೇರಬೇಕು, ಕಬ್ಬಿಣ ಮತ್ತು ಸ್ಲ್ಯಾಗ್ (ಕರಗಿದ ಕಸ) ಕೆಳಗಿಳಿಯಬೇಕು. ಶಾಖ ಮತ್ತು ಅನಿಲವನ್ನು ಕಲ್ಲಿದ್ದಲ ಪುಡಿಯೂ ಕೊಡುತ್ತದೆ. ಭಾರ ಹೊರುವುದು ಪುಡಿಯಿಂದ ಆಗದ ಮಾತು. ಅದಕ್ಕೇ ಕೋಕನ್ನು ಪೂರ್ತಿ ಬಿಡಲು ಆಗುವುದಿಲ್ಲ.

ಈಗ ಟುಯರ್, ಅಂದರೆ ಫರ್ನೇಸಿನ ಬುಡದಲ್ಲಿ ಬಿಸಿ ಗಾಳಿ ನುಗ್ಗುವ ಮೂತಿ, ಅದರ ಹತ್ತಿರ ಬನ್ನಿ. ಪುಡಿಯಲ್ಲಿ ಶೇ. 70ರಿಂದ 80 ಭಾಗ 75 ಮೈಕ್ರಾನ್‌ಗಿಂತ ಸಣ್ಣದಿರುತ್ತದೆ, ತೇವ ಸುಮಾರು ಶೇ. 1ಕ್ಕೆ ಇಳಿದಿರುತ್ತದೆ. ಬೆಂಕಿ, ಸ್ಫೋಟದ ಭಯ ಇರುವುದರಿಂದ ಅದನ್ನು ಸಾಮಾನ್ಯವಾಗಿ ನೈಟ್ರೋಜನ್‌ನಲ್ಲಿ ತಳ್ಳುತ್ತಾರೆ. ಟುಯರ್‌ಗೆ ಸ್ವಲ್ಪ ಹಿಂದೆ, ಗಾಳಿ ತರುವ ಬ್ಲೋಪೈಪ್‌ನೊಳಗೆ ಪುಡಿ ತರುವ ಲ್ಯಾನ್ಸ್ ಎಂಬ ಕೊಳವೆಯ ತುದಿ ಇರುತ್ತದೆ. ಅಲ್ಲಿ 1100ರಿಂದ 1200 ಡಿಗ್ರಿಯ ಗಾಳಿ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ನುಗ್ಗುತ್ತಿರುತ್ತದೆ. ಪುಡಿಗೆ ಸಿಗುವ ಸಮಯ 10ರಿಂದ 20 ಮಿಲಿಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಅದು ಕಾಯಬೇಕು, ಒಳಗಿನ ಆವಿಗಳು ಹೊರಬಂದು ಹೊತ್ತಿಕೊಳ್ಳಬೇಕು, ಉಳಿದ ಗಟ್ಟಿ ಕಾರ್ಬನ್, ಅಂದರೆ ಚಾರ್, ಕೂಡ ಉರಿಯಬೇಕು. ಆವಿಗಳು ಬೇಗ ಉರಿದು ಆಕ್ಸಿಜನ್ ತಿಂದುಹಾಕುತ್ತವೆ, ಚಾರ್ ಹಿಂದೆ ಬೀಳುತ್ತದೆ. ಒಳಗೆ ನೋಡಲು ಇರುವ ಪೀಪ್ ಸೈಟ್‌ನ ನೀಲಿ ಗಾಜಿನಲ್ಲಿ ನೋಡಿದರೆ ಬೆಳ್ಳನೆಯ ಪ್ರಖರ ಬೆಳಕಿನ ನಡುವೆ ಕಪ್ಪು ಎಳೆಯೊಂದು ಕಾಣುತ್ತದೆ. ಅದೇ ಪುಡಿಯ ಧಾರೆ. ಒಂದು ಟುಯರ್‌ನಲ್ಲಿ ಆ ಎಳೆ ಮಾಯವಾಗಿ ಬರೀ ಬೆಳಕೇ ಕಂಡರೆ ಅಲ್ಲಿ ಲ್ಯಾನ್ಸ್ ಕಟ್ಟಿಕೊಂಡಿರಬಹುದು.

ಉರಿಯದೆ ಉಳಿದ ಚಾರ್ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಮೇಲೆ ಹೋಗುವಾಗ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಖರ್ಚಾಗುತ್ತದೆ. ಜಾಸ್ತಿಯಾದರೆ ಕೋಕಿನ ಸಂದಿ ಮುಚ್ಚುತ್ತದೆ, ಇಲ್ಲವೇ ಮೇಲಿನಿಂದ ಹೊರಬರುವ ಟಾಪ್ ಗ್ಯಾಸಿನ ಧೂಳಿನಲ್ಲಿ ಹೊರಗೆ ಹೋಗುತ್ತದೆ.

ಇನ್ನೊಂದು ತೊಂದರೆ ಶಾಖದ್ದು. ಮೇಲಿನಿಂದ ಇಳಿದು ಬರುವ ಕೋಕ್ ಟುಯರ್ ಮಟ್ಟಕ್ಕೆ ಬರುವಾಗಲೇ ಸುಮಾರು 1500 ಡಿಗ್ರಿ ಕಾದಿರುತ್ತದೆ. ಪುಡಿ ತಣ್ಣಗೆ ಬರುತ್ತದೆ, ಅದರ ಆವಿಗಳು ಒಡೆಯುವುದಕ್ಕೂ ಶಾಖ ಬೇಕು. ಹಾಗಾಗಿ ಜ್ವಾಲೆಯ ತಾಪ ಇಳಿಯುತ್ತದೆ. ಸರಿದೂಗಿಸಲು ಗಾಳಿಗೆ ಆಕ್ಸಿಜನ್ ಸೇರಿಸುತ್ತಾರೆ, ಗಾಳಿಯ ಜೊತೆ ಬಿಡುವ ಹಬೆ ಕಡಿಮೆ ಮಾಡುತ್ತಾರೆ. ಆಕ್ಸಿಜನ್ ಶೇ. 1 ಏರಿದರೆ ಜ್ವಾಲೆ ಸುಮಾರು 40ರಿಂದ 50 ಡಿಗ್ರಿ ಏರುತ್ತದೆ. ಆದರೆ ಆಕ್ಸಿಜನ್ ಏರಿದಷ್ಟೂ ಅನಿಲದ ಒಟ್ಟು ಪ್ರಮಾಣ ತಗ್ಗಿ ಫರ್ನೇಸಿನ ಮೇಲ್ಭಾಗ ತಣ್ಣಗಾಗುತ್ತದೆ. ಅದಕ್ಕೂ ಒಂದು ಮಿತಿ ಇದೆ.

ಈಗ ಲೆಕ್ಕ. ಉದಾಹರಣೆಗೆ ಒಂದು ಟನ್ ಹಾಟ್ ಮೆಟಲ್‌ಗೆ ಬರೀ ಕೋಕ್ ಹಾಕಿದರೆ 480 ಕೆ.ಜಿ. ಬೇಕು ಎಂದುಕೊಳ್ಳಿ. ಕೋಕಿನಲ್ಲಿ ಶೇ. 87, ಕಲ್ಲಿದ್ದಲಲ್ಲಿ ಶೇ. 78 ಕಾರ್ಬನ್ ಇರಲಿ. ಒಂದು ಕಿಲೋ ಪುಡಿ 0.85 ಕಿಲೋ ಕೋಕನ್ನು ಉಳಿಸಲಿ.

ಬರೀ ಕೋಕ್: 480 × 0.87 = 418 ಕೆ.ಜಿ. ಕಾರ್ಬನ್.
160 ಕೆ.ಜಿ. ಪುಡಿ ಊದಿದರೆ: ಕೋಕ್ 136 ಕೆ.ಜಿ. ಇಳಿದು 344 ಆಗುತ್ತದೆ. 344 × 0.87 = 299, ಪುಡಿಯಿಂದ 160 × 0.78 = 125. ಒಟ್ಟು 424.

ಕೋಕ್ 136 ಕೆ.ಜಿ. ಉಳಿಯಿತು, ಕಾರ್ಬನ್ 6 ಕೆ.ಜಿ. ಏರಿತು! ಈ ಅಂಕಿಗಳಲ್ಲಿ 0.85ರ ಬದಲು ಸುಮಾರು 0.9 ಸಿಕ್ಕರೆ ಎರಡೂ ಸಮ. ಅದಕ್ಕಿಂತ ಮೇಲೆ ಹೋದರೆ ಮಾತ್ರ ಫರ್ನೇಸಿನೊಳಗಿನ ಕಾರ್ಬನ್ ಇಳಿಯುತ್ತದೆ.

ಹಾಗಾದರೆ ಪಿಸಿಐ ದಂಡವಾ? ಖಂಡಿತ ಅಲ್ಲ. ಒಂದು ಟನ್ ಕೋಕ್ ಮಾಡಲು ಸುಮಾರು 1.3ರಿಂದ 1.4 ಟನ್ ಕಲ್ಲಿದ್ದಲು ಬೇಕು, ಅದೂ ದುಬಾರಿ ಕೋಕಿಂಗ್ ಕಲ್ಲಿದ್ದಲು. ಭಾರತ ಅದನ್ನು ಬಹುಪಾಲು ಹೊರದೇಶದಿಂದ ತರಿಸುತ್ತದೆ. ಕೋಕ್ ಓವನ್‌ನ ಇಂಧನ, ಹೊಗೆ ಕೂಡ ಉಳಿಯುತ್ತದೆ. ನಿಜ ಹೇಳಬೇಕೆಂದರೆ ಪಿಸಿಐ ಹರಡಿದ್ದೇ ದುಡ್ಡಿಗಾಗಿ. ಮೊದಲು ಟುಯರ್‌ನಲ್ಲಿ ತೈಲ ಊದುತ್ತಿದ್ದ ಜಪಾನ್, 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ಕಲ್ಲಿದ್ದಲಿಗೆ ತಿರುಗಿತು. 1981ರಲ್ಲಿ ಒಯಿಟಾದಲ್ಲಿ ಶುರುವಾಯಿತು. 1998ರಲ್ಲಿ ಫುಕುಯಾಮಾದ 3ನೇ ಫರ್ನೇಸ್ ಟನ್ನಿಗೆ 266 ಕೆ.ಜಿ. ವರೆಗೂ ಹೋಯಿತು.

ಕಾರ್ಬನ್ ನಿಜವಾಗಿ ಇಳಿಸಬೇಕಾದರೆ ಅನಿಲದ ಕಡೆ ನೋಡಬೇಕು. ಚೆನ್ನಾಗಿ ನಡೆಯುವ ಫರ್ನೇಸಿನಲ್ಲೂ ಕಾರ್ಬನ್ ಮಾನಾಕ್ಸೈಡ್‌ನ ಅರ್ಧದಷ್ಟು ಅದಿರಿನ ಆಕ್ಸಿಜನ್ ಕಿತ್ತುಕೊಳ್ಳದೆ ಹೊರಗೆ ಹೋಗುತ್ತದೆ. ಒಳ್ಳೆ ಸಿಂಟರ್, ಪೆಲೆಟ್ (ಅದಿರಿನ ಪುಡಿಯಿಂದ ಮಾಡಿದ ಗಟ್ಟಿಗಳು, ಉಂಡೆಗಳು), ಅದಿರು-ಕೋಕ್ ಪದರಗಳ ಸರಿಯಾದ ಹಂಚಿಕೆ, ಬಿಸಿ ಗಾಳಿ, ಇವು ಕಣ್ಣಿಗೆ ಕಾಣದ ಉಳಿತಾಯ.

ಮುಂದಿನದು ಹೈಡ್ರೋಜನ್. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ಥಿಸೆನ್‌ಕ್ರುಪ್ 2019ರ ನವೆಂಬರ್‌ನಲ್ಲಿ 28 ಟುಯರ್‌ಗಳ ಪೈಕಿ ಒಂದರಲ್ಲಿ ಊದಿ ನೋಡಿತು. ಟಾಟಾ ಸ್ಟೀಲ್ 2023ರ ಏಪ್ರಿಲ್‌ನಲ್ಲಿ ಜಮ್ಶೆಡ್‌ಪುರದ ಇ ಫರ್ನೇಸಿನ ಶೇ. 40ರಷ್ಟು ಟುಯರ್‌ಗಳಲ್ಲಿ ಪ್ರಯೋಗ ಮಾಡಿತು. ಇಲ್ಲೂ ಶಾಖದ್ದೇ ತಕರಾರು. ಹೈಡ್ರೋಜನ್ ಅದಿರಿನಿಂದ ಆಕ್ಸಿಜನ್ ಕೀಳುವಾಗ ಶಾಖ ಹೀರುತ್ತದೆ. ಊದಿದಷ್ಟೂ ಫರ್ನೇಸ್ ತಣಿಯುತ್ತದೆ, ಭಾರ ಹೊರಲು ಕೋಕ್ ಬೇಕೇ ಬೇಕು.

ಇನ್ನೊಂದು ದಾರಿ ಮರದ ಇದ್ದಿಲು. ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಮೈಸೂರು ಕಬ್ಬಿಣ ಕಾರ್ಖಾನೆಯ ಫರ್ನೇಸ್ ಮಲೆನಾಡಿನ ಮರದ ಇದ್ದಿಲಿನಿಂದ ಉರಿದಿತ್ತು. ಬ್ರೆಜಿಲ್‌ನಲ್ಲಿ ನೀಲಗಿರಿ ತೋಪುಗಳ ಇದ್ದಿಲಿನಿಂದ ಇಂದಿಗೂ ಕಬ್ಬಿಣ ತೆಗೆಯುತ್ತಾರೆ. ಕಡಿದಷ್ಟು ಮರ ಮತ್ತೆ ಬೆಳೆಸಿದರೆ ಆ ಕಾರ್ಬನ್ ಗಾಳಿಯಿಂದ ಬಂದದ್ದೇ. ಆದರೆ ಆ ಫರ್ನೇಸುಗಳು ಚಿಕ್ಕವು. ಇದ್ದಿಲು ಕೋಕಿನಷ್ಟು ಗಟ್ಟಿಯಲ್ಲ, ಎತ್ತರದ ರಾಶಿಯ ಭಾರದ ಕೆಳಗೆ ಪುಡಿಯಾಗುತ್ತದೆ. ಟುಯರ್‌ನಲ್ಲಿ ಊದಲು ಹೇಗೂ ಪುಡಿಯೇ ಬೇಕಲ್ವಾ? ಬ್ರೆಜಿಲ್‌ನವರು ಇದ್ದಿಲಿನ ಪುಡಿಯನ್ನು ಹಾಗೇ ಊದುತ್ತಾರೆ. ದೊಡ್ಡ ಫರ್ನೇಸಿನಲ್ಲಿ ಮೇಲಿನಿಂದ ಕೋಕ್, ಕೆಳಗಿನಿಂದ ಇದ್ದಿಲು ಎಂದು ಹಂಚಿಕೊಂಡು ಮೇಲಿನ ಲೆಕ್ಕವನ್ನೇ ಇನ್ನೊಮ್ಮೆ ಮಾಡಿ. ಆ 125 ಕೆ.ಜಿ. ಕಾರ್ಬನ್ ಎಲ್ಲಿಂದ ಬಂದದ್ದು ಅಂತ ಬೇರೆಯಾಗಿ ಬರೆದುಕೊಳ್ಳಿ.