ತೆಂಗಿನ ಸುಳಿಯಲ್ಲಿ ಕಾಲಾ ಅಜಾರ್‌ನ ದಾಯಾದಿ

ತೆಂಗಿನ ಸೋಗೆ ಹಳದಿಯಾದ ಫೋಟೊ ಕಳಿಸಿ ‘ಸಾರ್, ಏನ್ ಹೊಡೀಲಿ?’ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು, ಸ್ವಲ್ಪ ತಡೀರಿ ಅಂತ. ಹಳದಿ ಅನ್ನುವುದು ಒಂದು ರೋಗದ ಹೆಸರಲ್ಲ. ಬುಡದಲ್ಲಿ ನೀರು ನಿಂತರೂ ಹಳದಿ, ಪೊಟ್ಯಾಷ್ ಕಮ್ಮಿಯಾದರೂ ಹಳದಿ. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಂತೂ ಇದೇ ಹಳದಿಯ ಹಿಂದೆ ಒಂದು ಏಕಕೋಶ ಜೀವಿ ಇತ್ತು. ಮನುಷ್ಯರಿಗೆ ಕಾಲಾ ಅಜಾರ್ ಎಂಬ ಜ್ವರ ತರುವ ಪರಾವಲಂಬಿಯ ಹತ್ತಿರದ ದಾಯಾದಿ ಅದು!

ಹೆಸರು ಫೈಟೊಮೊನಾಸ್. ತಿರುಚಿದ ರಿಬ್ಬನ್ ಥರದ ಮೈ, ಒಂದು ತುದಿಯಲ್ಲಿ ಚಾವಟಿ. 1909ರಲ್ಲಿ ಮಾರಿಷಸ್‌ನಲ್ಲಿ ಲಾಫೋಂ ಎಂಬ ವೈದ್ಯ ಇದನ್ನು ಯೂಫೋರ್ಬಿಯಾ ಗಿಡದ ಹಾಲಿನಲ್ಲಿ ಕಂಡರು. ಅದೇ ವರ್ಷ ಈ ಕುಲಕ್ಕೆ ಹೆಸರಿಟ್ಟವರು ಮದ್ರಾಸಿನಲ್ಲಿದ್ದ ವೈದ್ಯ ಚಾರ್ಲ್ಸ್ ಡೊನೊವನ್. ಹೌದು, ಕಾಲಾ ಅಜಾರ್ ರೋಗಾಣು ಯಾರ ಹೆಸರು ಹೊತ್ತಿದೆಯೋ ಅದೇ ಡೊನೊವನ್. ಗಿಡದ ಹಾಲಿನಲ್ಲಿ ಬದುಕುವ ಫೈಟೊಮೊನಾಸ್ ಸಾಮಾನ್ಯವಾಗಿ ಗಿಡಕ್ಕೆ ದೊಡ್ಡ ತೊಂದರೆ ಕೊಡುವುದಿಲ್ಲ. ಟೊಮೆಟೊ ಹಣ್ಣಿಗೆ ಸೇರಿದರೆ ಹಳದಿ ಮಚ್ಚೆ, ಅಷ್ಟೆ.

ಆಹಾರ ಸಾಗಿಸುವ ನಾಳಕ್ಕೆ, ಅಂದರೆ ಫ್ಲೋಯಂಗೆ ಹೊಕ್ಕರೆ ಮಾತ್ರ ಕತೆ ಬೇರೆ. ಅಲ್ಲಿ ಹರಿಯುವುದೇ ಸಕ್ಕರೆ ನೀರು, ಇದಕ್ಕೆ ಬೇಕಾದ್ದೂ ಅದೇ. ಸುರಿನಾಮ್‌ನಲ್ಲೇ ಸ್ಟಾಹೆಲ್ ಎಂಬ ವಿಜ್ಞಾನಿ 1931ರಷ್ಟು ಹಿಂದೆಯೇ ಸಾಯುತ್ತಿದ್ದ ಕಾಫಿ ಗಿಡಗಳ ಫ್ಲೋಯಂನಲ್ಲಿ ಇದನ್ನು ವಿವರಿಸಿದ್ದರು. ಅದೇ ನೆಲದ ತೆಂಗಿನಲ್ಲೂ ಇದೆ ಅಂತ ಪ್ರಕಟವಾಗಲು 1976 ಬರಬೇಕಾಯಿತು. ತೆಂಗಿನ ಈ ರೋಗಕ್ಕೆ ಹಾರ್ಟ್‌ರಾಟ್ ಅನ್ನುತ್ತಾರೆ. ಕೆಳಗಿನ ಹಳೇ ಸೋಗೆ ತುದಿಯಿಂದ ಹಳದಿಯಾಗಿ ಕಂದುತ್ತದೆ, ಎಳೆಗಾಯಿ ಉದುರುತ್ತದೆ, ಬಿಚ್ಚದ ಹೊಂಬಾಳೆ ಕಪ್ಪಾಗುತ್ತದೆ, ಕೊನೆಗೆ ಸುಳಿ ಕೊಳೆತು ನಾರುತ್ತದೆ. ಮರ ಕೆಲವೇ ವಾರಗಳಲ್ಲೋ ತಿಂಗಳುಗಳಲ್ಲೋ ಹೋಗುತ್ತದೆ. ಪೆರು, ಈಕ್ವೆಡಾರ್, ಕೊಲಂಬಿಯಾದ ಎಣ್ಣೆತಾಳೆ ತೋಟಗಳಲ್ಲೂ ಇದರದೇ ಹಾವಳಿ.

ಸುಳಿ ಕೊಳೆತದ್ದು ನೋಡಿದ ತಕ್ಷಣ ಶಿಲೀಂಧ್ರನಾಶಕ ಸುರಿಯುವವರೇ ಜಾಸ್ತಿ. ಸುಮ್ನೆ ದುಡ್ಡು ದಂಡ. ಕೊಳೆಯುವುದು ಕೊನೆಯ ಹಂತ, ಅಲ್ಲಿ ಸಿಗುವ ಬೂಷ್ಟು, ಬ್ಯಾಕ್ಟೀರಿಯ ಎಲ್ಲ ಆಮೇಲೆ ಬಂದ ನೆಂಟರು. ಹಾಗಾಗಿ ಪರೀಕ್ಷೆಗೆ ಕೊಳೆತ ಭಾಗ ತಗೋಬಾರದು. ಸುಳಿಬುಡದ ಅಥವಾ ಬಿಚ್ಚದ ಹೊಂಬಾಳೆಯ ಬಿಳಿ, ಗಟ್ಟಿ ಭಾಗ ಕುಯ್ದು, ರಸ ಹಿಂಡಿ, ಒಂದು ಹನಿ ಗಾಜಿನ ಮೇಲಿಟ್ಟು 400 ಪಟ್ಟು ಹಿಗ್ಗಿಸಿ ನೋಡಬೇಕು, ಅದೂ ರಸ ಹಸಿ ಇರುವಾಗಲೇ. ಇದ್ದರೆ ಕಾಣುತ್ತದೆ. ಮಿಸುಕಾಡುತ್ತಾ ಓಡಾಡುತ್ತಿರುತ್ತದೆ.

ಹರಡುವುದು ಲಿಂಕಸ್ ಎಂಬ ತಿಗಣೆ ಜಾತಿಯ ಕಂದು ಕೀಟಗಳು. ಹಗಲು ಮಟ್ಟೆಯ ಕಂಕುಳಲ್ಲಿ, ಒಣಗಿದ ಹೊಂಬಾಳೆ ಸಂದಿಯಲ್ಲಿ ಅಡಗಿರುತ್ತವೆ. ರೋಗ ಬಂದ ಮರಕ್ಕೆ ಮದ್ದಿಲ್ಲ. ಕಡಿದು ನಾಶ ಮಾಡಬೇಕು, ಸುತ್ತಲಿನ ಮರಗಳ ಒಣ ಮಟ್ಟೆ ತೆಗೆದು, ಬುಡದ ಕಳೆ ಕಿತ್ತು, ಆ ಕಂಕುಳಿಗೇ ಕೀಟನಾಶಕ ತಲುಪಿಸಬೇಕು. ಸೋಗೆ ಮೇಲೆ ಹೊಡೆದರೆ ತಿಗಣೆಗೆ ತಾಗುವುದೇ ಇಲ್ಲ.

ಗಾಬರಿ ಬೇಡ, ಹಾರ್ಟ್‌ರಾಟ್ ನಮ್ಮಲ್ಲಿಲ್ಲ. ಸುಳ್ಯ, ಶೃಂಗೇರಿ, ಕೊಪ್ಪದ ಕಡೆಯ ಅಡಿಕೆ ಹಳದಿ ಎಲೆ ರೋಗ, ಕೇರಳದ ತೆಂಗಿನ ಬೇರು ಸೊರಗು ರೋಗ ಎರಡೂ ಫೈಟೊಪ್ಲಾಸ್ಮಾದ ಕೆಲಸ. ಅದೂ ಫ್ಲೋಯಂನಲ್ಲೇ ಇರುತ್ತದೆ, ಅದನ್ನೂ ರಸ ಹೀರುವ ಕೀಟವೇ ಹರಡುತ್ತದೆ, ಆದರೆ ಅದು ಕೋಶಭಿತ್ತಿ ಇಲ್ಲದ ಬ್ಯಾಕ್ಟೀರಿಯ. ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಹೀಗೆ ಓಡಾಡುವುದು ಕಾಣುವುದಿಲ್ಲ, ಡಿಎನ್‌ಎ ಪರೀಕ್ಷೆಯೇ ಬೇಕು. ಫೋಟೊ ನೋಡಿ ಹೇಳಿ ಅಂದರೆ ನಾನೇನು ಹೇಳಲಿ, ಅಲ್ವಾ?