ಪದ ಪರಿಚಯ: ಸಿಲ್ಕ್ ಎಂದರೆ ಹೆಲ್ಮೆಟ್ ಅಲ್ಲ, ಹೆಲ್ಮೆಟ್ಟಿನ ಗವಸು

ಕುದುರೆ ಸವಾರಿಯ ಚಿತ್ರವೊಂದರ ಕೆಳಗೆ ‘ಕೆಂಪು ಗೊಂಡೆಯ ರೇಷ್ಮೆ ಶಿರಸ್ತ್ರಾಣ ಧರಿಸಿದ ಸವಾರ’ ಎಂಬ ಒಕ್ಕಣೆಯನ್ನು ಮೊದಲ ಸಲ ಕಂಡಾಗ ನಕ್ಕು ಸುಮ್ಮನಾಗಿದ್ದೆ. ಅದೇ ಒಕ್ಕಣೆ ‘ಸಿಲ್ಕ್ ಹೆಲ್ಮೆಟ್’, ‘ಬಣ್ಣದ ಜಾಕಿ ಹೆಲ್ಮೆಟ್’, ‘ಗೊಂಡೆ ಹೆಲ್ಮೆಟ್’ ಎಂದು ವೇಷ ಬದಲಿಸುತ್ತ ಐದಾರು ಸಲ ಎದುರಾದ ಮೇಲೆ ಸುಮ್ಮನಿರುವುದು ಕಷ್ಟವಾಯಿತು. ಚಿತ್ರದಲ್ಲಿ ಕೆಂಪಗಿದ್ದದ್ದು ಹೆಲ್ಮೆಟ್ ಅಲ್ಲ, ಅದರ ಮೇಲೆ ಎಳೆದು ಕೂರಿಸಿದ ಬಟ್ಟೆಯ ಗವಸು. ಹೆಲ್ಮೆಟ್ ಅದರೊಳಗೆ ಅಡಗಿ ಕುಳಿತಿತ್ತು. ಚಿತ್ರದಲ್ಲಿ ಅದರ ಒಂದು ಅಂಗುಲವೂ ಕಾಣುತ್ತಿರಲಿಲ್ಲ.

ಮೊದಲು ‘ಶಿರಸ್ತ್ರಾಣ’ವನ್ನೇ ನೋಡೋಣ, ಏಕೆಂದರೆ ಈ ಗೊಂದಲದಲ್ಲಿ ಹೆಚ್ಚು ಪೆಟ್ಟು ತಿಂದಿರುವುದು ಅದೇ. ಆಡುಮಾತಿನಲ್ಲಿ ನಮಗೆ ತ್ರಾಣವೆಂದರೆ ಶಕ್ತಿ. ಜ್ವರ ಬಿಟ್ಟವನು ‘ಏಳಲು ತ್ರಾಣವಿಲ್ಲ’ ಎನ್ನುವಾಗ ಅವನು ಮೈಯ ಕಸುವಿನ ಮಾತಾಡುತ್ತಿದ್ದಾನೆಯೇ ಹೊರತು ರಕ್ಷಣೆಯ ಮಾತಲ್ಲ. ಸಂಸ್ಕೃತದಲ್ಲಿ ಅದು ಕಾಪಾಡು ಎಂಬ ಅರ್ಥದ ‘ತ್ರೈ’ ಧಾತುವಿನಿಂದ ಬಂದದ್ದು. ಮೈಯನ್ನು ಕಾಯುವುದು ತನುತ್ರಾಣ, ಬಿಲ್ಲಾಳಿನ ಬೆರಳನ್ನು ಕಾಯುವುದು ಅಂಗುಲಿತ್ರಾಣ, ಅಂಗಾಲನ್ನು ಕಾಯುವುದು ಪಾದತ್ರಾಣ, ತಲೆಯನ್ನು ಕಾಯುವುದು ಶಿರಸ್ತ್ರಾಣ. ಕನ್ನಡದ ಕಿವಿಗೆ ಈ ಮೂಲಾರ್ಥ ಮಂಕಾಗಿರುವುದರಿಂದಲೇ, ತಲೆಯ ಮೇಲೆ ಏನಿದ್ದರೂ ಅದನ್ನು ಗಂಭೀರವಾಗಿ ಹೇಳಬೇಕಾದಾಗ ‘ಶಿರಸ್ತ್ರಾಣ’ ಎಂದುಬಿಡುವ ಅಭ್ಯಾಸ ಬೆಳೆದಿದೆ. ಕಾಯುವ ಗುಣವಿಲ್ಲದ ವಸ್ತುವಿಗೆ ಆ ಹೆಸರು ಸಲ್ಲದು. ಹಿಗ್ಗುವ ಲೈಕ್ರಾ ಬಟ್ಟೆಯ ಗವಸು ತಲೆಯನ್ನು ಕಾಯುವುದಿಲ್ಲ. ತಲೆಯನ್ನು ಅದು ಮುಟ್ಟುವುದೂ ಇಲ್ಲ.

‘ಹೆಲ್ಮೆಟ್’ ಪದದ ಹುಟ್ಟು ಇದಕ್ಕಿಂತ ತಮಾಷೆಯದು. ಹಳೆಯ ಫ್ರೆಂಚಿನ ‘ಹೆಲ್ಮ್’ಗೆ ಕಿರಿದೆಂಬ ಅರ್ಥದ ಪ್ರತ್ಯಯ ಸೇರಿ ಆದ ಮಾತು ಅದು, ‘ಹೆಲ್ಮ್’ ಜರ್ಮಾನಿಕ್ ಮೂಲದ್ದು, ಅದರ ಬೇರಿನ ಅರ್ಥ ಮುಚ್ಚು, ಮರೆಮಾಡು. ಬೇರಿನ ಲೆಕ್ಕದಲ್ಲಿ ಹೆಲ್ಮೆಟ್ ಎಂದರೆ ಚಿಕ್ಕ ಮುಚ್ಚಿಗೆ, ಹೆಲ್ಮೆಟ್ ಕವರ್ ಎಂದರೆ ಮುಚ್ಚಿಗೆಯ ಮುಚ್ಚಿಗೆ. ಹಾಗಿದ್ದ ಮೇಲೆ ಎರಡನ್ನೂ ಒಂದೇ ಎಂದರೆ ತಪ್ಪೇನು ಎಂದು ವಾದಿಸುವವರು ಇರಬಹುದು. ಪದದ ಬೇರು ಬೇರೆ, ಬಳಕೆ ಬೇರೆ. ಬೇರನ್ನು ಹಿಡಿದು ಬಳಕೆಯನ್ನು ಅಲ್ಲಾಡಿಸುವ ಆ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ.

ಗೊಂದಲದ ನಿಜವಾದ ಕಾರಣ ಇತಿಹಾಸದಲ್ಲಿದೆ. ರೇಸಿನ ಸವಾರರಾದ ಜಾಕಿಗಳು ಬಹುಕಾಲ ತಲೆಗೆ ಹಾಕುತ್ತಿದ್ದದ್ದು ಬರಿಯ ಬಟ್ಟೆಯ ಟೋಪಿಯನ್ನು. ಒಳಗೆ ಗಟ್ಟಿ ಚಿಪ್ಪು ಇರಲಿಲ್ಲ. ಟೋಪಿಯೇ ಇಡೀ ವಸ್ತುವಾಗಿತ್ತು. 1923ರಲ್ಲಿ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ಓಟವನ್ನು ಗೆದ್ದ ಕ್ಯಾಪ್ಟನ್ ಬೆನೆಟ್ ಎಂಬ ಸವಾರ ಅದೇ ವರ್ಷದ ಕೊನೆಯಲ್ಲಿ ಮತ್ತೊಂದು ಓಟದಲ್ಲಿ ಬಿದ್ದು, ತಲೆಗೆ ಕುದುರೆಯ ಒದೆತ ತಿಂದು, 1924ರ ಜನವರಿಯಲ್ಲಿ ತೀರಿಕೊಂಡ. ಆ ಸಾವಿನ ಬೆನ್ನಿಗೆ, ಅದೇ ವರ್ಷ, ಬ್ರಿಟನ್ನಿನ ಬೇಲಿ ಹಾರುವ ಓಟಗಳಲ್ಲಿ ತಲೆಗೆ ಗಟ್ಟಿ ರಕ್ಷಣೆ ಕಡ್ಡಾಯವಾಯಿತು. ಟೋಪಿಯ ಕೆಳಗೆ ಚಿಪ್ಪು ಬಂದು ಕುಳಿತಿತು. ನೋಡುವವರ ಕಣ್ಣಿಗೆ ಏನೂ ಬದಲಾಗಲಿಲ್ಲ. ಅದೇ ಬಣ್ಣ, ಹಣೆಯ ಮೇಲೆ ಅದೇ ಮುಂಚಾಚು. ಆದರೆ ನೆನ್ನೆಯವರೆಗೆ ತಾನೇ ಟೋಪಿಯಾಗಿದ್ದ ಬಟ್ಟೆ ಇಂದು ಮತ್ತೊಂದು ವಸ್ತುವಿನ ಗವಸಾಗಿತ್ತು. ವಸ್ತುವಿನ ಸ್ಥಾನ ಬದಲಾಯಿತು, ಹೆಸರು ಮಾತ್ರ ‘ಕ್ಯಾಪ್’ ಎಂದೇ ಉಳಿಯಿತು. ಇಂದಿಗೂ ರೇಸಿನ ಪಟ್ಟಿಯಲ್ಲಿ ‘ಕೆಂಪು ಕ್ಯಾಪ್’ ಎಂದು ಅಚ್ಚಾದರೆ ಅದು ಗವಸಿನ ಬಣ್ಣ, ಹೆಲ್ಮೆಟ್ಟಿನದಲ್ಲ. ಒಳಗಿನ ಗಟ್ಟಿ ಚಿಪ್ಪಿಗೆ ಪ್ರತ್ಯೇಕವಾಗಿ ‘ಸ್ಕಲ್ ಕ್ಯಾಪ್’ ಎಂಬ ಹೆಸರಿದೆ. ಇದನ್ನು ಪ್ರಾರ್ಥನೆಯ ವೇಳೆ ಧರಿಸುವ ಮೆತ್ತನೆಯ ಟೋಪಿಯೆಂದು ಅನುವಾದಿಸಿದ್ದನ್ನೂ ಓದಿದ್ದೇನೆ; ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು.

ಇನ್ನು ‘ಸಿಲ್ಕ್’. 1762ರಲ್ಲಿ ಬ್ರಿಟನ್ನಿನ ಕುದುರೆ ಓಟದ ಸಂಸ್ಥೆಯಾದ ಜಾಕಿ ಕ್ಲಬ್, ಓಟಗಳಿಗೆ ಹೆಸರಾದ ನ್ಯೂಮಾರ್ಕೆಟ್ ಊರಿನಲ್ಲಿ, ಓಟದಲ್ಲಿ ಯಾರ ಕುದುರೆ ಯಾವುದೆಂದು ದೂರದಿಂದ ಗುರುತಿಸಲು ಅನುಕೂಲವಾಗಲೆಂದು, 19 ಮಾಲೀಕರ ಬಣ್ಣಗಳನ್ನು ದಾಖಲಿಸಿತು. ಡೆವನ್‌ಷೈರ್ ಡ್ಯೂಕ್ ಮನೆತನದ ಒಣಹುಲ್ಲಿನ ಬಣ್ಣ ಆ ಪಟ್ಟಿಯಿಂದ ಇಂದಿನವರೆಗೂ ಉಳಿದು ಬಂದಿದೆ. ಅಂಗಿ ಮತ್ತು ಟೋಪಿಗಳನ್ನು ರೇಷ್ಮೆಯಲ್ಲಿ ಹೊಲಿಯುತ್ತಿದ್ದುದರಿಂದ ಈ ಬಣ್ಣದ ಉಡುಪಿಗೆ ‘ಸಿಲ್ಕ್ಸ್’ ಎಂದು ಹೆಸರಾಯಿತು. ರೇಷ್ಮೆ ಹೋಗಿ ನೈಲಾನ್, ಪಾಲಿಯೆಸ್ಟರ್, ಲೈಕ್ರಾಗಳು ಬಂದರೂ ಹೆಸರು ಕದಲಲಿಲ್ಲ. ಹೀಗಾಗಿ ರೇಸಿನ ಮಾತಿನಲ್ಲಿ ಬಹುವಚನದ ‘ಸಿಲ್ಕ್ಸ್’ ಎಂದರೆ ಅಂಗಿ, ಟೋಪಿ ಎರಡೂ ಸೇರಿದ ಮಾಲೀಕನ ಬಣ್ಣ. ಉಳಿದ ಸವಾರಿ ಆಟಗಳಲ್ಲಿ ‘ಹ್ಯಾಟ್ ಸಿಲ್ಕ್’ ಅಥವಾ ಬರಿಯ ‘ಸಿಲ್ಕ್’ ಎಂದರೆ ಹೆಲ್ಮೆಟ್ಟಿನ ಗವಸು ಮಾತ್ರ. ಎರಡನ್ನೂ ‘ರೇಷ್ಮೆ’ ಎಂದು ಕನ್ನಡಿಸುವವರು ಎರಡು ತಪ್ಪುಗಳನ್ನು ಒಂದೇ ಏಟಿಗೆ ಮಾಡುತ್ತಾರೆ. ಬ್ರಿಟನ್ನಿನಲ್ಲಿ ವಕೀಲರೊಬ್ಬರು ‘ಸಿಲ್ಕ್ ಪಡೆದರು’ ಎಂಬ ಸುದ್ದಿ ಬಂದರೆ ಅದು ಹಿರಿಯ ವಕೀಲರು ತೊಡುವ ರೇಷ್ಮೆಯ ನಿಲುವಂಗಿಯ ಮಾತು; ಕುದುರೆಗೂ ಅದಕ್ಕೂ ಸಂಬಂಧವಿಲ್ಲ.

ಕನ್ನಡದಲ್ಲಿ ಏನೆನ್ನಬೇಕು? ನನ್ನ ಉತ್ತರ ‘ಗವಸು’. ಹಳೆಯ ಕನ್ನಡದ ‘ಗವಸಣಿಗೆ’ಯ ನಂಟಿನ ಈ ಪದ ದಿಂಬಿನ ಗವಸು, ಕೈಗವಸು, ಇತ್ತೀಚೆಗೆ ಮುಖಗವಸು ಎಂದು ಬಾಯಲ್ಲಿ ಚೆನ್ನಾಗಿ ಬದುಕಿದೆ. ಈ ಸಮಾಸಗಳಲ್ಲಿ ಒಂದು ನೇಮವಿದೆ: ಒಳಗೆ ಯಾವುದಿದೆಯೋ ಅದರ ಹೆಸರು ಮೊದಲು ಬರುತ್ತದೆ. ಕೈಗವಸಿನೊಳಗೆ ಕೈ, ದಿಂಬಿನ ಗವಸಿನೊಳಗೆ ದಿಂಬು. ಆ ನೇಮದಂತೆ ನಮ್ಮ ವಸ್ತು ‘ಹೆಲ್ಮೆಟ್ ಗವಸು’. ‘ತಲೆಗವಸು’ ಎಂದರೆ ಅದು ನೇರವಾಗಿ ತಲೆಯನ್ನೇ ಮುಚ್ಚುವ ಮತ್ತೇನೋ ಆಗುತ್ತದೆ, ‘ಶಿರಗವಸು’ ಎಂದರೆ ಸಂಸ್ಕೃತ ಕನ್ನಡಗಳನ್ನು ಬೆಸೆದು ಅರ್ಥವನ್ನೂ ಕೆಡಿಸಿದಂತಾಗುತ್ತದೆ.

ಅಲಂಕಾರವೊಂದೇ ಗವಸಿನ ಕೆಲಸ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಗುಡ್ಡ, ಹಳ್ಳ, ದಿಮ್ಮಿಗಳನ್ನು ಹಾರುತ್ತ ಸಾಗುವ ಕ್ರಾಸ್ ಕಂಟ್ರಿಯಲ್ಲಿ ಸವಾರ ಬಿದ್ದಾಗ ಹೆಲ್ಮೆಟ್ಟಿಗೆ ಗಟ್ಟಿಯಾದ ಮುಂಚಾಚು ಇದ್ದರೆ ಅದು ನೆಲಕ್ಕೆ ಸಿಕ್ಕಿಕೊಂಡು ಕುತ್ತಿಗೆಯನ್ನು ಹಿಂದಕ್ಕೆ ತಿರುಚುವ ಅಪಾಯವಿದೆ. ಆದ್ದರಿಂದ ಬ್ರಿಟನ್ನಿನ ಎಳೆಯ ಸವಾರರ ಸಂಸ್ಥೆಯಾದ ಪೋನಿ ಕ್ಲಬ್ಬಿನ ನಿಯಮ ಈ ವಿಭಾಗಕ್ಕೆ ಮುಂಚಾಚಿಲ್ಲದ, ಸಮನಾದ ಗುಂಡು ಅಥವಾ ಅಂಡಾಕಾರದ ಸ್ಕಲ್ ಕ್ಯಾಪನ್ನೇ ಕೇಳುತ್ತದೆ. ಚಿಪ್ಪಿನ ಮೇಲಿನ ಯಾವ ಉಬ್ಬೂ 5 ಮಿಲಿಮೀಟರಿಗಿಂತ ಎತ್ತರವಿರಬಾರದು. ಹಾಗಾದರೆ ಕಣ್ಣಿಗೆ ಬಿಸಿಲು ಬಡಿಯದಂತೆ ನೋಡಿಕೊಳ್ಳುವವರು ಯಾರು? ಅದಕ್ಕಾಗಿಯೇ ಹಗುರವಾದ, ಬಾಗುವ ಮುಂಚಾಚಿರುವ, ತೆಗೆಯಬಹುದಾದ ಗವಸಿಗೆ ಆ ನಿಯಮದಲ್ಲೇ ಅವಕಾಶವಿದೆ. ಬಿದ್ದಾಗ ಬಟ್ಟೆಯ ಮುಂಚಾಚು ಮಡಚಿಕೊಳ್ಳುತ್ತದೆ, ಗವಸು ಜಾರಿಹೋದರೂ ನಷ್ಟವಿಲ್ಲ. ಮುಂಚಾಚು ಗವಸಿನದು, ಚಿಪ್ಪಿನದಲ್ಲ ಎಂಬ ಈ ಒಂದು ಭೇದ ತಿಳಿದವರು ‘ಸಿಲ್ಕ್ ಹೆಲ್ಮೆಟ್’ ಎಂದು ಬರೆಯಲಾರರು.

ಈ ಸಡಿಲತೆಯೇ ಗವಸನ್ನು ಫ್ಯಾಷನ್ನಿನ ಆಟದ ಬಯಲಾಗಿಸಿತು. ರೇಸಿನ ಜಾಕಿಗೆ ಅಲ್ಲಿ ಸ್ವಾತಂತ್ರ್ಯ ಕಡಿಮೆ, ಬಣ್ಣ ಮಾಲೀಕನದು. ಒಬ್ಬನೇ ಮಾಲೀಕನ ಎರಡು ಕುದುರೆಗಳು ಒಂದೇ ಓಟದಲ್ಲಿದ್ದರೆ ಅಂಗಿ ಒಂದೇ ಆಗಿ, ಟೋಪಿಯ ಬಣ್ಣವೊಂದೇ ಎರಡನ್ನೂ ಬೇರ್ಪಡಿಸುತ್ತದೆ. ಗಾಗಲ್ಸಿನ ಪಟ್ಟಿ ಗವಸಿನ ಮೇಲಿಂದ ಬಿಗಿಯುತ್ತದೆ. ಕೆಸರಿನ ಮಣ್ಣುಹಾದಿಯಲ್ಲಂತೂ ಒಂದರ ಮೇಲೊಂದು ನಾಲ್ಕಾರು ಗಾಗಲ್ಸ್ ಏರಿಸಿಕೊಂಡು, ಮೇಲಿನದು ಕೆಸರಾದೊಡನೆ ಕೆಳಕ್ಕೆಳೆದು ಮುಂದಿನದರಲ್ಲಿ ನೋಡುವುದು ರೂಢಿ. ಅದು ಕಂಡವರಿಗೆ ಠೀವಿ, ಜಾಕಿಗೆ ಅಗತ್ಯ.

ಕ್ರಾಸ್ ಕಂಟ್ರಿಯ ಸವಾರ ತನ್ನ ಬಣ್ಣವನ್ನು ತಾನೇ ಆರಿಸುತ್ತಾನೆ, ಶೈಲಿಗಳು ಏಳುವುದು ಬೀಳುವುದು ಅಲ್ಲಿ. ಹಿಂದೆ ರೇಸಿನಿಂದ ಎರವಲು ತಂದ ನಾಲ್ಕು ಹೋಳಿನ ಎರಡು ಬಣ್ಣ, ನಕ್ಷತ್ರ, ಬಳೆಪಟ್ಟೆಗಳೇ ಎದ್ದು ಕಾಣುತ್ತಿದ್ದವು, ಗವಸು ಹೊಳೆಯುವ ಸ್ಯಾಟಿನ್ನಿನದಾಗಿ ಬುಡದಲ್ಲಿ ಎಲಾಸ್ಟಿಕ್ ನೆರಿಗೆ ಹಾಕಿಕೊಂಡು ಸ್ವಲ್ಪ ಉಬ್ಬಿ ಕೂರುತ್ತಿತ್ತು. ಲೈಕ್ರಾ ಬಂದ ಮೇಲೆ ಗವಸು ಚಿಪ್ಪಿಗೆ ಚರ್ಮದಂತೆ ಅಂಟಿತು, ನೆರಿಗೆ ಮಾಯವಾಯಿತು, ಒಳಗಿನ ಗುಂಡನೆಯ ಆಕಾರವೇ ಅಂದವೆನಿಸಿತು. ಆಮೇಲೆ ಗವಸು, ಅಂಗಿ, ಜೀನಿನ ಕೆಳಗಿನ ಬಟ್ಟೆ, ಕುದುರೆಯ ಕಾಲಿನ ಬೂಟು ಎಲ್ಲವೂ ಒಂದೇ ಬಣ್ಣದಲ್ಲಿರಬೇಕೆಂಬ ಹುಚ್ಚು ಹತ್ತಿತು. ಸವಾರನೂ ಕುದುರೆಯೂ ಒಂದೇ ಥಾನಿನಿಂದ ಕತ್ತರಿಸಿದಂತೆ ಕಾಣುವ ಈ ಶೈಲಿಯನ್ನು ನಾನು ಮೆಚ್ಚಿದವನಲ್ಲ. ಗಾಢ ನೀಲಿಯ ಅಥವಾ ಕಪ್ಪಿನ ಸರಳ ಗವಸು ನನ್ನ ಕಣ್ಣಿಗೆ ಹಿತ. ಮಿನುಗುಚುಕ್ಕಿ ಹೊಲಿದ ಗವಸುಗಳ ಕುರಿತು ಅಭಿಪ್ರಾಯ ಕೇಳದಿದ್ದರೆ ಉಪಕಾರ.

ಗೊಂಡೆಯ ಕತೆ ಬೇರೆಯೇ. ಉಣ್ಣೆಯ ಪುಟ್ಟ ಗೊಂಡೆ ಜಾಕಿ ಟೋಪಿಯ ನೆತ್ತಿಯಲ್ಲಿ ಕಂಡಿದೆ, ಎಳೆಯ ಸವಾರರ ಗವಸಿನಲ್ಲಂತೂ ಅದಿಲ್ಲದೆ ಮನ ತಣಿಯದು. ನಡುವೆ ದೊಡ್ಡವರು ಅದು ಮಕ್ಕಳಾಟವೆಂದು ಕಿತ್ತುಹಾಕಿದರು. ಈಗ ಅದೇ ಗೊಂಡೆ ಕೃತಕ ತುಪ್ಪಳದ ದೊಡ್ಡ ಉಂಡೆಯಾಗಿ, ಒತ್ತುಗುಂಡಿಯಿಂದ ಹಾಕಿ ತೆಗೆಯುವಂತೆ, ಬೇಕೆಂದ ಬಣ್ಣದಲ್ಲಿ ಮರಳಿ ಬಂದಿದೆ. ಚಿಪ್ಪಿನ ಉಬ್ಬು 5 ಮಿಲಿಮೀಟರ್ ಮೀರಬಾರದೆಂದು ಅಳೆಯುವ ಆಟದಲ್ಲಿ ಅದರ ಮೇಲೆ ಮುಷ್ಟಿಗಾತ್ರದ ತುಪ್ಪಳ ಕುಳಿತಿರುವುದು ಸೋಜಿಗ. ಆದರೆ ನಿಯಮ ಚಿಪ್ಪಿನ ಕುರಿತದ್ದು, ಗೊಂಡೆ ಗವಸಿನದು. ನಾನು ಇಷ್ಟು ಹೊತ್ತು ಹೇಳುತ್ತಿರುವ ಭೇದವೇ ಇಲ್ಲಿ ಗೊಂಡೆಯನ್ನು ಉಳಿಸಿದೆ.

ಹಿಂಬದಿಯ ರಿಬ್ಬನ್ನನ್ನೂ ಇದಕ್ಕೆ ಬೆರೆಸುವವರಿದ್ದಾರೆ. ಕುದುರೆಯೇರಿ ಹೋಗುವ ಬ್ರಿಟಿಷ್ ಬೇಟೆಯ ವೆಲ್ವೆಟ್ ಟೋಪಿಯ ಹಿಂದೆ ಚಿಕ್ಕ ರಿಬ್ಬನ್ ಗಂಟು ಇರುತ್ತದೆ. ಸಂಪ್ರದಾಯದಂತೆ ಬೇಟೆಯ ಮುಖ್ಯಸ್ಥರು ಮತ್ತು ಸಿಬ್ಬಂದಿಯ ರಿಬ್ಬನ್ ತುದಿಗಳು ಕೆಳಕ್ಕೆ ಇಳಿಬಿದ್ದಿರುತ್ತವೆ, ಉಳಿದವರ ತುದಿಗಳು ಮೇಲಕ್ಕೆ ಹೊಲಿದಿರುತ್ತವೆ. ಅದು ಸ್ಥಾನದ ಗುರುತು, ಶೈಲಿಯಲ್ಲ. ಸ್ಕಲ್ ಕ್ಯಾಪಿಗೆ ಹಾಕುವ ವೆಲ್ವೆಟ್ ಗವಸಿನ ಹಿಂದೆಯೂ ಇಂಥ ಗಂಟನ್ನು ಹೊಲಿದಿರುವುದುಂಟು. ಅದನ್ನು ಕತ್ತರಿಸುವ ಮುನ್ನವೋ ಇಳಿಬಿಡುವ ಮುನ್ನವೋ ಈ ಹಿನ್ನೆಲೆ ತಿಳಿದಿದ್ದರೆ ಮುಜುಗರ ತಪ್ಪುತ್ತದೆ.

ರಸ್ತೆಯಲ್ಲಿ ಸವಾರಿ ಮಾಡುವವರು ಹಾಕುವ ಕಣ್ಣು ಕುಕ್ಕುವ ಹಳದಿ, ಕಿತ್ತಳೆ, ಗುಲಾಬಿ ಗವಸುಗಳು ವಾಹನ ಚಾಲಕರಿಗೆ ಬೇಗ ಕಾಣಲೆಂದು ಇರುವುದು. ಮಳೆಗೆ ಹಾಕುವ ಪ್ಲಾಸ್ಟಿಕ್ಕಿನದೂ ಗವಸೇ. ಬಿಸಿಲಿಗೆ ಹೆಲ್ಮೆಟ್ಟಿನ ಸುತ್ತ ತೊಡಿಸುವ ಅಗಲ ಅಂಚಿನ ಬಳೆ ಮಾತ್ರ ಗವಸಲ್ಲ, ಅದು ಏನನ್ನೂ ಮುಚ್ಚುವುದಿಲ್ಲ.

ಪದದ ವಿಷಯಕ್ಕೆ ಇಷ್ಟು ಜಗಳವೇಕೆ ಎನ್ನುವವರು ಬಳಸಿದ ಹೆಲ್ಮೆಟ್ಟೊಂದನ್ನು ಕೊಳ್ಳಲು ಹೋಗಿ ನೋಡಲಿ. ಗವಸು ಹೊಸದಾಗಿ ಹೊಳೆಯುತ್ತಿದ್ದರೆ ಇಡೀ ವಸ್ತು ಹೊಸದೆನಿಸುತ್ತದೆ. ಪಿಎಎಸ್ 015, ಎಎಸ್‌ಟಿಎಂ ಎಫ್1163 ಮುಂತಾದ ಸುರಕ್ಷತಾ ಮಾನದಂಡದ ಚೀಟಿ ಇರುವುದು ಚಿಪ್ಪಿನ ಒಳಬದಿಯಲ್ಲಿ; ಬಿರುಕಿದ್ದರೆ ಅದಿರುವುದೂ ಗವಸಿನ ಕೆಳಗೆ. ತಲೆಗೆ ಏಟು ಬಿದ್ದ ಸವಾರನ ಹೆಲ್ಮೆಟ್ಟನ್ನು ಬದಲಿಸಲೇಬೇಕು, ಗವಸನ್ನು ಒಗೆದು ಮತ್ತೆ ಹಾಕಬಹುದು. ‘ಹೆಲ್ಮೆಟ್ ಒಗೆದೆ’ ಎಂದು ಬರೆದವರನ್ನೂ ಕಂಡಿದ್ದೇನೆ.

ಆ ಚಿತ್ರದ ಒಕ್ಕಣೆಯನ್ನು ತಿದ್ದುವುದಾದರೆ, ‘ಸ್ಕಲ್ ಕ್ಯಾಪಿನ ಮೇಲೆ ಗೊಂಡೆಯಿರುವ ಕೆಂಪು ಗವಸು ಹಾಕಿದ ಸವಾರ’ ಎಂದರೆ ಸಾಕು. ಬಟ್ಟೆ ಲೈಕ್ರಾದ್ದಾಗಿತ್ತು, ರೇಷ್ಮೆಯ ಒಂದೆಳೆಯೂ ಅದರಲ್ಲಿರಲಿಲ್ಲ.