ಬಾಡ್ ರೇಟ್ ಅಂದರೆ ಏನು?

ಹೋದ ಹಂಗಾಮಿನಲ್ಲಿ ಮುಧೋಳದ ಹತ್ತಿರ ಒಂದು ಕಾಟಾಕ್ಕೆ ಹೋಗಿದ್ದೆ. ಕಾಟಾ ಅಂದರೆ ನಮ್ಮ ಕಡೆ ವೇಬ್ರಿಡ್ಜ್, ಕಬ್ಬಿನ ಟ್ರ್ಯಾಕ್ಟರ್ ಹತ್ತಿಸಿ ತೂಗುವ ಜಾಗ. ಅಲ್ಲಿ ಹೊಸ ಕಂಪ್ಯೂಟರ್ ಕೂರಿಸಿದ್ದರು. ತೂಕ ತೋರಿಸಿ ಕಂಪ್ಯೂಟರ್‌ಗೂ ಕಳಿಸುವ ಡಬ್ಬಿ, ಅಂದರೆ ಇಂಡಿಕೇಟರ್ ಮೇಲೆ ಕೆಂಪು ಅಂಕಿಯಲ್ಲಿ 28460 ಚೆನ್ನಾಗಿಯೇ ಕಾಣುತ್ತಿತ್ತು. ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಚೌಕ, ಪ್ರಶ್ನೆ ಚಿಹ್ನೆ, ಯಾವ ಊರಿನದೋ ಅಕ್ಷರ.

“ವಾಯರ್ ಹೋಗೇತಿ ಅಂತ ಕಾಣ್ತೈತ್ರಿ ಸರ. ಇದು ಮೂರನೇದ್ದು ಹಾಕೀನಿ,” ಎಂದ ಆಪರೇಟರ್.

ವಾಯರ್ ಹೋಗಿದ್ದರೆ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಏನೋ ಬರುತ್ತಿದೆ, ಆದರೆ ಓದಲು ಆಗುತ್ತಿಲ್ಲ ಅಂದರೆ ನಾನು ಮೊದಲು ನೋಡುವುದು ಬಾಡ್ ರೇಟ್.

ತಂತಿಯಲ್ಲಿ ಸಂಕೇತ ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಸಲ ಬದಲಾಗಬಹುದು ಅನ್ನುವುದೇ ಬಾಡ್ ರೇಟ್. ಎಮಿಲ್ ಬಾಡೋ (1845–1903) ಎಂಬ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರನ ಹೆಸರಿನಿಂದ ಬಂದ ಪದ ಇದು. ಬಾಡ್, ಬಿಟ್ (ಒಂದು 0 ಇಲ್ಲವೇ 1) ಎರಡೂ ಒಂದೇ ಅಂತ ಜನ ಅನ್ನುತ್ತಾರೆ. ಕಾಟಾದ ಕೇಬಲ್‌ನಲ್ಲಿ ಒಂದು ಸಂಕೇತಕ್ಕೆ ಒಂದೇ ಬಿಟ್, ಹಾಗಾಗಿ ಅಲ್ಲಿ ತಪ್ಪೇನಿಲ್ಲ. ಹಳೆಯ ಟೆಲಿಫೋನ್ ಮೋಡೆಮ್‌ನಲ್ಲಿ ಹಾಗಲ್ಲ. ಸೆಕೆಂಡಿಗೆ 2400 ಬಿಟ್ ಕಳಿಸುತ್ತಿದ್ದ ಮೋಡೆಮ್ ನಿಜಕ್ಕೂ 600 ಬಾಡ್‌ನದು.

ಇಂಡಿಕೇಟರ್‌ಗಳಲ್ಲಿ ಈಗಲೂ ಜಾಸ್ತಿ ಕಾಣುವ ಆರ್‌ಎಸ್-232 ಸಂಪರ್ಕಕ್ಕೆ ಮೂರು ತಂತಿ ಸಾಕು: ಕಳಿಸಲು ಒಂದು, ತೆಗೆದುಕೊಳ್ಳಲು ಒಂದು, ಗ್ರೌಂಡ್ ಒಂದು. ಭಜನೆಯಲ್ಲಿ ತಾಳ ಹಾಕುವವನು ಎದುರಿಗೇ ಕೂತಿರುತ್ತಾನೆ, ಅವನನ್ನು ನೋಡಿ ಉಳಿದವರು ಹೊಂದಿಕೊಳ್ಳುತ್ತಾರೆ. ಇಲ್ಲಿ ತಾಳಕ್ಕೆ ಅಂತ ಬೇರೆ ತಂತಿಯೇ ಇಲ್ಲ! ಲಯ ಯಾವುದು ಅಂತ ಎರಡೂ ಕಡೆ ಮೊದಲೇ ಹೇಳಿಟ್ಟಿರಬೇಕು.

9600 ಬಾಡ್ ಅಂದರೆ ಒಂದು ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್. ಮೊದಲು ಒಂದು ಸ್ಟಾರ್ಟ್ ಬಿಟ್ ಬರುತ್ತದೆ. ಕಂಪ್ಯೂಟರ್ ಅಲ್ಲಿಂದ ಎಣಿಸಲು ಶುರು ಮಾಡಿ, ಒಂದೊಂದು ಬಿಟ್‌ನ ನಟ್ಟನಡುವೆ ತಂತಿಯನ್ನು ನೋಡುತ್ತದೆ. ಎಂಟು ಬಿಟ್ ಆದ ಮೇಲೆ ಒಂದು ಸ್ಟಾಪ್ ಬಿಟ್. ಒಂದು ಅಕ್ಷರಕ್ಕೆ ಒಟ್ಟು ಹತ್ತು, ಅಂದರೆ ಸೆಕೆಂಡಿಗೆ 960 ಅಕ್ಷರ. ಎರಡೂ ಕಡೆಯ ವೇಗದಲ್ಲಿ ನೂರಕ್ಕೆ ಐದರಷ್ಟು ವ್ಯತ್ಯಾಸ ಇದ್ದರೂ ಕೊನೆಯ ಬಿಟ್ ಹೊತ್ತಿಗೆ ಲೆಕ್ಕ ಅರ್ಧ ಬಿಟ್ ಜಾರಿರುತ್ತದೆ. ಆ ಕಾಟಾದಲ್ಲಿ ಇಂಡಿಕೇಟರ್ 2400ರಲ್ಲಿ ಕಳಿಸುತ್ತಿತ್ತು, ಕಂಪ್ಯೂಟರ್ 9600ರಲ್ಲಿ ಓದುತ್ತಿತ್ತು. ಬಂದ ಒಂದು ಬಿಟ್ ಅದಕ್ಕೆ ನಾಲ್ಕಾಗಿ ಕಂಡಿತು. ಸಾಫ್ಟ್‌ವೇರ್‌ನಲ್ಲಿ 2400 ಹಾಕಿದೆ, ಪರದೆಯ ಮೇಲೆ 28460 ಬಂತು. ಆಪರೇಟರ್ ತಂದಿಟ್ಟಿದ್ದ ಮೂರೂ ಕೇಬಲ್ ಒಳ್ಳೆಯವೇ.

ಬಾಡ್ ರೇಟ್ ಸರಿ ಇದ್ದೂ ಕೆಲವು ಅಂಕಿ ಮಾತ್ರ ಕೆಡುವುದುಂಟು. ಅಲ್ಲಿ ಪ್ಯಾರಿಟಿ ನೋಡಿ, ಅಂದರೆ ತಪ್ಪು ಹಿಡಿಯಲು ಕೊನೆಗೆ ಸೇರಿಸುವ ಒಂದು ಬಿಟ್. ಈವನ್ ಅಂದರೆ ಅದನ್ನೂ ಸೇರಿಸಿ 1ಗಳ ಎಣಿಕೆ ಸಮ ಇರಬೇಕು. ಇಂಡಿಕೇಟರ್ ಏಳು ಬಿಟ್, ಈವನ್ ಪ್ಯಾರಿಟಿಯಲ್ಲಿ ಕಳಿಸಿ, ಕಂಪ್ಯೂಟರ್ ಎಂಟು ಬಿಟ್, ಪ್ಯಾರಿಟಿ ಇಲ್ಲ ಅಂತ ಓದಿದರೆ ಒಂದು ತಮಾಷೆ ಆಗುತ್ತದೆ. 0, 3, 5, 6, 9 ಸರಿಯಾಗಿ ಬರುತ್ತವೆ. 1, 2, 4, 7, 8 ವಿಚಿತ್ರ ಚಿಹ್ನೆಗಳಾಗುತ್ತವೆ. ನಮ್ಮ 28460ರಲ್ಲಿ ಕೊನೆಯ 60 ಮಾತ್ರ ಉಳಿಯುತ್ತಿತ್ತು. ಟ್ರ್ಯಾಕ್ಟರ್ ಜೊತೆ ಬಂದ ರೈತ ಅದನ್ನು ನೋಡಿದರೆ ಸುಮ್ನೆ ಬಿಡುತ್ತಾನಾ?

ಯುಎಸ್‌ಬಿ, ಎತರ್‌ನೆಟ್ ಬಂದ ಮೇಲೆ ಈ ಪದ ಹೆಚ್ಚಿನವರಿಗೆ ಮರೆತೇ ಹೋಗಿದೆ. ಅವು ವೇಗವನ್ನು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಆದರೆ ಯುಎಸ್‌ಬಿ ಕನ್ವರ್ಟರ್ ಹಾಕಿದ ಮಾತ್ರಕ್ಕೆ ಇಂಡಿಕೇಟರ್ ಬದಲಾಗುವುದಿಲ್ಲ, ಅದರ 2400 ಅದಕ್ಕೇ.

ಕಾಟಾ ಗೇಟಿನ ಹತ್ತಿರ, ಆಫೀಸು ದೂರ ಇದ್ದರೆ ಆರ್‌ಎಸ್-232 ನಂಬಬೇಡಿ, ಅದು ಸುಮಾರು 15 ಮೀಟರಿಗೆ ಅಂತ ಮಾಡಿದ್ದು. ಆರ್‌ಎಸ್-485 ಆದರೆ ಸುಮಾರು 1200 ಮೀಟರ್ ಹೋಗುತ್ತದೆ. ಇಲ್ಲವೇ ಬಿಟ್‌ಗಳನ್ನು ಒಂದರ ಹಿಂದೆ ಒಂದು ಕಳಿಸುವ ಇಂಥ ಸೀರಿಯಲ್ ಸಂಪರ್ಕದಿಂದ ಎತರ್‌ನೆಟ್‌ಗೆ ಬದಲಿಸುವ ಡಬ್ಬಿ ಕೂರಿಸಿ, ಅದಕ್ಕೊಂದು ಐಪಿ ವಿಳಾಸ ಕೊಡಿ, ಆಫೀಸಿನ ಯಾವ ಕಂಪ್ಯೂಟರ್‌ನಿಂದಲೂ ತೂಕ ನೋಡಬಹುದು. ಆ ಡಬ್ಬಿಯ ಸೆಟ್ಟಿಂಗ್ ಪುಟ ತೆರೆದರೆ ಅಲ್ಲೂ ಒಂದು ಖಾನೆ ಇರುತ್ತದೆ: ಬಾಡ್ ರೇಟ್. ಕಂಪ್ಯೂಟರ್ ಕಡೆಯದಲ್ಲ, ಇಂಡಿಕೇಟರ್ ಕಡೆಯದನ್ನು ಅದರಲ್ಲಿ ತುಂಬಬೇಕು.